ಲಾಗ್ ತುಂಬಿದೆ, ಕೌಂಟರ್ ಮುಚ್ಚಿದೆ

ಸುದ್ದಿ ನೀವೂ ಓದಿರುತ್ತೀರಿ. ನಮ್ಮ ತುಮಕೂರಿನ ಸರ್ಕಾರಿ ಕಚೇರಿಯೊಂದರ ಅರ್ಜಿ, ಪಿಂಚಣಿ ನೋಡುವ ಕೌಂಟರ್ ಮೂರ್ನಾಲ್ಕು ದಿನ ಬಾಗಿಲು ಹಾಕಿಕೊಂಡಿತ್ತು. ಮೊದಲು 'ತಾಂತ್ರಿಕ ಕಾರಣ' ಅಂದರು. ಮಾರನೇ ದಿನ 'ಸರ್ವರ್ ಸಮಸ್ಯೆ' ಅಂದರು. ಕೊನೆಗೆ ಒಳಗಿನವರೇ ಯಾರೋ ಬಾಯಿಬಿಟ್ಟರು: ಸಾಫ್ಟ್‌ವೇರ್ ತಾನು ಏನೇನು ಮಾಡಿದೆ ಅಂತ ಬರೆದಿಡುವ ಲಾಗ್ ಫೈಲು ಬೆಳೆದೂ ಬೆಳೆದೂ ಡಿಸ್ಕ್ ಪೂರ್ತಿ ತುಂಬಿಬಿಟ್ಟಿದೆ. ಮಾಡಿದ ಕೆಲಸ ಬರೆಯುವುದಕ್ಕೇ ಜಾಗವೆಲ್ಲ ಹೋಗಿ, ಕೆಲಸ ಮಾಡಲು ಜಾಗ ಇಲ್ಲ. ಕಚೇರಿಯ ಹೆಸರು ಬೇಡ. ತುಮಕೂರಿನವರಿಗೆ ಗೊತ್ತು. ಬೇರೆ ಊರಿನವರು ತಮ್ಮೂರಿನದನ್ನು ಹಾಕಿಕೊಂಡು ಓದಬಹುದು.

ಬೈಯಲು ನನಗಂತೂ ಮನಸ್ಸು ಬರುತ್ತಿಲ್ಲ. ಕಚೇರಿಗಳಲ್ಲಿ ಯಾವುದಕ್ಕೂ ದಾಖಲೆ ಇರಲ್ಲ, ಕೇಳಿದರೆ ಕಡತ ಕಾಣೆ ಅಂತಾರೆ ಎಂದು ಗೊಣಗುತ್ತಿದ್ದವರು ನಾವೇ ಅಲ್ವಾ? ತಗೊಳ್ಳಿ ದಾಖಲೆ. ಕೂತದ್ದು, ನಿಂತದ್ದು, ಆಕಳಿಸಿದ್ದು ಎಲ್ಲ ಬರೆದಿದೆ. ಬರೆದದ್ದು ಸಾಕು ಅಂತ ಯಾರೂ ಹೇಳಲಿಲ್ಲ, ಅದೂ ನಿಲ್ಲಿಸಲಿಲ್ಲ. ಇಂಥ ನಿಷ್ಠೆ ಈ ಕಾಲದಲ್ಲಿ ಎಲ್ಲಿ ಸಿಗುತ್ತೆ?

ಬೆಳಗಿನ ಬೆಂಗಳೂರು ರೈಲಿನಲ್ಲಿ ಈಗ ಇದೇ ಮಾತು. ನಮ್ಮೂರಿನ ಸಾಫ್ಟ್‌ವೇರ್ ಜನ ಬಹಳಷ್ಟು ಮಂದಿ ಆ 70 ಕಿಲೋಮೀಟರನ್ನು ರೈಲಿನಲ್ಲೇ ಸವೆಸುವವರು. ಕ್ಯಾತ್ಸಂದ್ರದ ಹೊತ್ತಿಗೆ ಸೀಟಿನ ಜಗಳ ಮುಗಿಯುತ್ತೆ, ಹಿರೇಹಳ್ಳಿಯ ಹೊತ್ತಿಗೆ ಕೋಡಿನ ಜಗಳ ಶುರುವಾಗುತ್ತೆ. ಆ ಫೈಲು ಬಿಚ್ಚಿ ನೋಡಲು ಕರೆಸಿದ್ದ ಹುಡುಗ ನಮ್ಮ ಬೋಗಿಯವನೇ. "ಅಣ್ಣಾ, ಒಂದೇ ಲೈನು ಕೋಟಿಗಟ್ಟಲೆ ಸಲ ಇದೆ" ಅಂದ. ಏನಪ್ಪಾ ಅದು ಅಂದೆ. "ಇಲ್ಲಿಗೆ ಬಂದೆ."

ಅಷ್ಟೇ. 'ಇಲ್ಲಿಗೆ ಬಂದೆ.' ಬಂದವರು ಯಾರು, ಎಲ್ಲಿಗೆ ಬಂದರು, ಬಂದು ಏನು ಮಾಡಿದರು, ಒಂದೂ ಇಲ್ಲ. ಯಾವ ಕಾಲದಲ್ಲೋ ಯಾವನೋ ಪುಣ್ಯಾತ್ಮ ಒಂದು ತಪ್ಪು ಹುಡುಕಲು ಹಾಕಿದ ಸಾಲು. ತಪ್ಪು ಸಿಕ್ಕಿತೋ ಇಲ್ಲವೋ, ಅವನು ಸಂಬಳ ಜಾಸ್ತಿ ಕೊಟ್ಟ ಕಡೆ ಹೋದ. ಸಾಲು ಇಲ್ಲೇ ಉಳಿಯಿತು. ಅದರ ಕೆಳಗೆ 'ಇಲ್ಲಿಗೂ ಬಂದೆ'. ಆಮೇಲೆ 'ಇಫ್ ಒಳಗೆ'. ಆಮೇಲೆ 'ಹಲೋ ಹಲೋ 2'. 'ಹಲೋ ಹಲೋ 1' ಏನಾಯಿತೋ ದೇವರೇ ಬಲ್ಲ. ಒಂದು ಕಡೆ 'ಇದು ಪ್ರಿಂಟ್ ಆಗಬಾರದು' ಅಂತ ಬೇರೆ ಇದೆಯಂತೆ. ದಿನಾ ಪ್ರಿಂಟ್ ಆಗುತ್ತಿದೆ.

ಗುತ್ತಿಗೆ ಕೈಯಿಂದ ಕೈಗೆ ಹೋಯಿತು. ಬಂದವರೆಲ್ಲ ಎರಡೆರಡು ಸಾಲು ಸೇರಿಸಿದರು. ತೆಗೆದವರು ಒಬ್ಬರೂ ಇಲ್ಲ. ತೆಗೆದರೆ ಏನು ನಿಂತುಹೋಗುತ್ತೋ ಅನ್ನುವ ಭಯ. ಹಳೇ ಸಾಫ್ಟ್‌ವೇರಿನಲ್ಲಿ ಈ ಭಯಕ್ಕೆ ಕಾರಣವೂ ಇರುತ್ತೆ. ಲಾಗ್ ಬರೆಯುವ ಸಾಲಿನ ಹೊಟ್ಟೆಯೊಳಗೇ ರಸೀದಿ ನಂಬರ್ ಒಂದು ಏರಿಸುವ ಲೆಕ್ಕವನ್ನೂ ತುರುಕಿದ ಜಾಣರಿದ್ದಾರೆ. ಹರಟೆ ಅಂತ ಆ ಸಾಲು ಅಳಿಸಿದಿರೋ, ಇಡೀ ಜಿಲ್ಲೆಗೆ ಒಂದೇ ರಸೀದಿ ನಂಬರ್.

ಇನ್ನು ಯಾವುದು ಗಂಭೀರ, ಯಾವುದು ಅಲ್ಲ ಅನ್ನುವ ವಿಚಾರ. 1980ರ ದಶಕದಲ್ಲಿ ಎರಿಕ್ ಆಲ್ಮನ್ ಅನ್ನುವವರು ಇಮೇಲ್ ಸಾಗಿಸುವ ತಮ್ಮ ಸೆಂಡ್‌ಮೇಲ್ ಸಾಫ್ಟ್‌ವೇರ್ ಜೊತೆಗೆ ಲಾಗ್ ಬರೆಯಲು ಸಿಸ್‌ಲಾಗ್ ಅಂತ ಒಂದು ವ್ಯವಸ್ಥೆ ಮಾಡಿದರು. 2009ರ ಆರ್‌ಎಫ್‌ಸಿ 5424 ಅನ್ನುವ ಇಂಟರ್ನೆಟ್ ನಿಯಮಪತ್ರದಲ್ಲಿ ಅದರ ಗಂಭೀರತೆಯ ಎಂಟು ಮೆಟ್ಟಿಲು ಅಚ್ಚುಕಟ್ಟಾಗಿ ಬರೆದಿದೆ. 0 ಅಂದರೆ ಎಮರ್ಜೆನ್ಸಿ. 7 ಅಂದರೆ ಡೀಬಗ್, ಪ್ರೋಗ್ರಾಮರಿಗೆ ಮಾತ್ರ ಬೇಕಾದ ಹರಟೆ. ನಮ್ಮವರಿಗೆ ಎಂಟು ಯಾಕೆ? ಎಲ್ಲವೂ 'ಎರರ್'. ಯಾಕೆ ಅಂದರೆ, "ಬೇರೆ ಹೆಸರಲ್ಲಿ ಬರೆದರೆ ಸಾಹೇಬರು ನೋಡಲ್ಲ ಸಾರ್." ಹಾಗಾಗಿ 'ಎರರ್: ಲಾಗಿನ್ ಯಶಸ್ವಿ'. 'ಎರರ್: ಯಾವ ಎರರೂ ಇಲ್ಲ'. ನಿಜವಾದ ಎರರ್ ಬಂದಾಗ ಮಾತ್ರ ಪ್ರೋಗ್ರಾಮು ಮೌನವ್ರತ ಹಿಡಿಯುತ್ತೆ. ಅದನ್ನು ಹಿಡಿಯಬೇಕಾದ ಕೋಡಿನ ಭಾಗಕ್ಕೆ ಕ್ಯಾಚ್ ಬ್ಲಾಕ್ ಅಂತಾರೆ, ಅದನ್ನು ತೆರೆದರೆ ಒಳಗೆ ಖಾಲಿ. ಒಂದೇ ಒಂದು ಕಾಮೆಂಟು: 'ಆಮೇಲೆ ನೋಡೋಣ'.

ಗಡಿಯಾರದ್ದು ಇನ್ನೊಂದು ಚೆಂದ. ಒಂದು ಸರ್ವರ್ ಭಾರತದ ಸಮಯ ಬರೆಯುತ್ತೆ. ಇನ್ನೊಂದು ಯುಟಿಸಿ ಅನ್ನುವ ಜಾಗತಿಕ ಸಮಯ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ಮೂರನೆಯದರ ಬ್ಯಾಟರಿ ಸತ್ತಿದೆ, ಕರೆಂಟ್ ಹೋಗಿ ಬಂದಾಗಲೆಲ್ಲ ಅದಕ್ಕೆ 1970ರ ಜನವರಿ 1, ಬಹಳಷ್ಟು ಕಂಪ್ಯೂಟರುಗಳು ಕಾಲ ಎಣಿಸಲು ಶುರುಮಾಡುವ ದಿನ. ಮೂರೂ ಸೇರಿ ಬರೆದ ಲಾಗ್ ಪ್ರಕಾರ ಒಬ್ಬರು ಬೆಳಗ್ಗೆ 11.05ಕ್ಕೆ ಅರ್ಜಿ ಕೊಟ್ಟಿದ್ದಾರೆ, ಅವರಿಗೆ ಅವತ್ತೇ 5.40ಕ್ಕೆ ಹಣ ಸಂದಾಯವಾಗಿದೆ. ಬೆಳಗ್ಗೆ 5.40. ಅರ್ಜಿಗೆ ಮುಂಚೆ ಹಣ ಕೊಡುವ ಕಚೇರಿ ದೇಶದಲ್ಲಿ ಇನ್ನೊಂದಿದ್ದರೆ ತೋರಿಸಿ.

ನನಗೆ ಬಹಳ ಹಿಡಿಸಿದ್ದು ಗಾಣದ ಎಣ್ಣೆಯ ಪ್ರಸಂಗ. ತಿಪಟೂರು ಕಡೆಯ ಅಂಗಡಿಯವರೊಬ್ಬರು ಅರ್ಜಿಯಲ್ಲಿ ಅಂಗಡಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ತುಂಬಿದರು: '100% shuddha'. ಬಟನ್ ಒತ್ತಿದ ತಕ್ಷಣ ಇಡೀ ಸರ್ವರ್ ಮಕಾಡೆ ಮಲಗಿತು. ಎಬ್ಬಿಸಿದರು. ಅವರು ಮತ್ತೆ ಒತ್ತಿದರು. ಮತ್ತೆ ಮಲಗಿತು. ಆ ಭಾಗ ಹಳೇ ಸಿ ಭಾಷೆಯದು. ಅರ್ಜಿದಾರರು ಬರೆದ ಹೆಸರನ್ನು ಬರೀ ಮಾಹಿತಿ ಅಂತ ಕೊಡದೆ, ಪಠ್ಯ ಬರೆಯುವ ಪ್ರಿಂಟ್‌ಎಫ್ ಅನ್ನುವ ಆದೇಶಕ್ಕೆ ನೇರವಾಗಿ ನಮೂನೆ ಅಂತಲೇ ಕೊಟ್ಟಿದ್ದಾರೆ. ಶೇಕಡಾ ಗುರುತು, ಒಂದು ಖಾಲಿ ಜಾಗ, ಆಮೇಲೆ ಎಸ್ ಅಕ್ಷರ. ಇಲ್ಲೊಂದು ಪದ ತುಂಬಬೇಕು ಅಂತ ಅದು ಅರ್ಥ ಮಾಡಿಕೊಂಡು, ಇಲ್ಲದ ಪದ ಹುಡುಕಲು ಸಿಕ್ಕ ಸಿಕ್ಕ ಮೆಮೊರಿಗೆ ಕೈಹಾಕಿ ಸತ್ತಿತು. ಎಸ್ ಇರುವ ಜಾಗದಲ್ಲಿ ಎನ್ ಇದ್ದರೆ ಮೆಮೊರಿ ಓದುವುದಿರಲಿ, ಅದರ ಮೇಲೆ ಬರೆದೇ ಬಿಡುತ್ತಿತ್ತು. 2000ದ ಹೊತ್ತಿಗೇ ಜಗತ್ತಿಗೆಲ್ಲ ಗೊತ್ತಾದ ತಪ್ಪು ಇದು. ಸರಿ ಮಾಡಲು ಮುಂದೆ ಇನ್ನೊಂದು '%s' ಸೇರಿಸಿದರೆ ಸಾಕು, ಅರ್ಧ ನಿಮಿಷದ ಕೆಲಸ. ಕಚೇರಿಯವರು ಏನು ಮಾಡಿದರು? ಗೋಡೆಗೆ ಒಂದು ಕಾಗದ ಅಂಟಿಸಿದರು: 'ಅರ್ಜಿಯಲ್ಲಿ % ಬಳಸಬಾರದು. ಆದೇಶದ ಮೇರೆಗೆ.' ಶೇಕಡಾ ಅಂದರೆ ನಮ್ಮ ರಾಜ್ಯದಲ್ಲಿ ಕಚೇರಿಗಳು ಬೆಚ್ಚಿಬೀಳುವುದು ಹೊಸತೇನಲ್ಲ ಬಿಡಿ.

ಬರೆದಿಡುವ ಕೆಲಸದಲ್ಲಿ ಏನು ಅಪಾಯ ಅನ್ನುವವರು 2021ರ ಡಿಸೆಂಬರ್ ನೆನಪಿಸಿಕೊಳ್ಳಬೇಕು. ಲಾಗ್‌ಫೋರ್‌ಜೆ. ಜಾವಾ ಭಾಷೆಯ ಜಗತ್ತಿನಲ್ಲಿ ಲಾಗ್ ಬರೆಯಲು ಎಲ್ಲರೂ ಬಳಸುತ್ತಿದ್ದ ಪುಕ್ಕಟೆ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು. ಕಚೇರಿ ಬಾಗಿಲಲ್ಲಿ ಸಂದರ್ಶಕರ ಪುಸ್ತಕ ಇಟ್ಟಿರುತ್ತಾರಲ್ಲ, ಅದರಲ್ಲಿ 'ಬಂದ ಉದ್ದೇಶ' ಅನ್ನುವ ಕಡೆ ನೀವು 'ಬೀರುವಿನ ಕೀಲಿ ತಂದುಕೊಡು' ಅಂತ ಬರೆದರೆ ಪುಸ್ತಕವೇ ಎದ್ದುಹೋಗಿ ಕೀಲಿ ತಂದುಕೊಟ್ಟ ಹಾಗೆ. ಲಾಗಿಗೆ ಹೋಗುವ ಯಾವುದೇ ಪಠ್ಯದಲ್ಲಿ ಒಂದು ವಿಳಾಸ ಅಡಗಿಸಿಟ್ಟರೆ, ಸರ್ವರ್ ಆ ವಿಳಾಸಕ್ಕೆ ಹೋಗಿ ಅಲ್ಲಿದ್ದ ಕೋಡು ತಂದು ಓಡಿಸುತ್ತಿತ್ತು. ಮೈನ್‌ಕ್ರಾಫ್ಟ್ ಆಟದಲ್ಲಿ ಚಾಟ್ ಸಂದೇಶ ಕಳಿಸಿದರೂ ಸಾಕಿತ್ತು. ಅಪಾಯದ ಅಳತೆಯಲ್ಲಿ ಹತ್ತಕ್ಕೆ ಹತ್ತು. ಆ ಸೌಲಭ್ಯ 2013ರಿಂದ ಒಳಗೆ ಕೂತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಬಿಡುವಿನ ವೇಳೆಯಲ್ಲಿ ದುಡಿಯುವ ಕೆಲವೇ ಸ್ವಯಂಸೇವಕರು.

ನಮ್ಮ ಕಚೇರಿಗೆ ಅದು ತಟ್ಟಲೇ ಇಲ್ಲ. ಇವರ ಹತ್ತಿರ ಇದ್ದದ್ದು ಅದಕ್ಕೂ ಹಿಂದಿನ 1ನೇ ಸರಣಿ, 2015ರಲ್ಲೇ ಬೆಂಬಲ ನಿಂತುಹೋದದ್ದು. ಆ ಸರಣಿಯಲ್ಲಿ ಈ ತೂತು ಇರಲಿಲ್ಲ. ಬೇರೆ ತೂತುಗಳಿದ್ದವು, ಅದು ಬೇರೆ ಮಾತು. ಜಗತ್ತೆಲ್ಲ ಅಪ್‌ಡೇಟ್ ಮಾಡಿ ಕೆಟ್ಟಿತು, ನಾವು ಸುಮ್ನೆ ಕೂತು ಗೆದ್ದೆವು ಅಂತ ಇವರು ಈಗಲೂ ಹೇಳಿಕೊಳ್ಳುತ್ತಾರೆ. ಒಂದು ಶಾಲು, ಒಂದು ಮೈಸೂರು ಪೇಟ ಯಾರಾದರೂ ತೊಡಿಸಬೇಕು.

ಪಾಸ್‌ವರ್ಡ್ ಲಾಗಿನಲ್ಲಿ ಬಿದ್ದಿದೆಯಂತೆ ಅಂದರೆ ದೊಡ್ಡವರ ಉದಾಹರಣೆ ಕೊಡುತ್ತಾರೆ. ಅದೂ ನಿಜವೇ. 2018ರಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳಿ ಅಂದಿತು, ಒಳಗಿನ ಲಾಗಿನಲ್ಲಿ ಅವು ಮುಸುಕಿಲ್ಲದೆ ಬಿದ್ದಿದ್ದವು. 2019ರಲ್ಲಿ ಫೇಸ್‌ಬುಕ್ಕಿನದೂ ಇಂಥದೇ ಕಥೆ ಹೊರಬಂತು. ಅದಕ್ಕೆ ಐರ್ಲೆಂಡಿನ ದತ್ತಾಂಶ ಆಯೋಗ 2024ರಲ್ಲಿ 9.1 ಕೋಟಿ ಯೂರೋ ದಂಡ ಹಾಕಿತು. ನಮ್ಮವರು ಈ ಕಥೆಯ ಮೊದಲರ್ಧ ಹೇಳಿ ದಂಡದ ಭಾಗಕ್ಕೆ ಬರುವಷ್ಟರಲ್ಲಿ ಕಾಫಿಗೆ ಎದ್ದು ಹೋಗುತ್ತಾರೆ.

ಹುಡುಗ ಇನ್ನೊಂದು ಹೇಳಿದ. ಅದನ್ನು ತಮಾಷೆಯಾಗಿ ಬರೆಯಲು ಆಗುತ್ತಿಲ್ಲ. ಗುಬ್ಬಿ ಕಡೆಯ ಒಬ್ಬ ಅಜ್ಜಿ. ಪಿಂಚಣಿ ನಿಂತಿದೆ. ಬಸ್ಸಿಗೆ ಬರುತ್ತಾರೆ, ಬೆರಳು ಒತ್ತುತ್ತಾರೆ. "ಸರ್ವರ್ ಇಲ್ಲ ಕಣಜ್ಜಿ, ನಾಳೆ ಬಾ." ಹೋಗುತ್ತಾರೆ, ಮತ್ತೆ ಬರುತ್ತಾರೆ. ಯಾಕೆ ನಿಂತಿದೆ ಅಂತ ಇವನು ಲಾಗಿನಲ್ಲಿ ಹುಡುಕಿದ. ಅಜ್ಜಿಯ ಆಧಾರ್ ನಂಬರ್ ಇತ್ತು, ಹನ್ನೆರಡಕ್ಕೆ ಹನ್ನೆರಡು ಅಂಕಿ, ಪುಟಗಟ್ಟಲೆ. ಮಗನ ಫೋನ್ ನಂಬರ್ ಇತ್ತು. ಫೋನಿಗೆ ಬಂದ ಒಟಿಪಿ ಇತ್ತು. ಬ್ಯಾಂಕ್ ಖಾತೆ ಇತ್ತು. ಹಣ ಯಾಕೆ ಹೋಗಲಿಲ್ಲ ಅನ್ನುವುದಕ್ಕೆ ಇದ್ದದ್ದು ಒಂದೇ ಮಾತು: 'ಏನೋ ತಪ್ಪಾಗಿದೆ'. ಬೆರಳಿನ ಗುರುತು ಹೊಂದಲಿಲ್ಲವೇ, ಬ್ಯಾಂಕ್ ವಾಪಸ್ ಕಳಿಸಿತೇ, ಹೆಸರಿನ ಅಕ್ಷರ ತಪ್ಪೇ, ಗೊತ್ತಿಲ್ಲ. ಕಳ್ಳನಿಗೆ ಬೇಕಾದ್ದೆಲ್ಲ ಬರೆದಿದ್ದಾರೆ. ಅಜ್ಜಿಗೆ ಬೇಕಾದ್ದು ಒಂದಕ್ಷರ ಬರೆದಿಲ್ಲ. ಕೌಂಟರಿನವರನ್ನು ಬೈದು ಏನು ಪ್ರಯೋಜನ? ಅವರಿಗೂ ಪರದೆಯ ಮೇಲೆ ಕಾಣುವುದು ಅದೇ ಎರಡು ಪದ. ಬರೆದವರಿಗೆ ಬಿಲ್ ಪಾಸಾಗಿದೆ. ಪಾಸು ಮಾಡಿದವರಿಗೆ ವರ್ಗವಾಗಿದೆ. ಅಜ್ಜಿಯ ಬಸ್ ಚಾರ್ಜಿನ ಲೆಕ್ಕ ಯಾವ ಲಾಗಿನಲ್ಲೂ ಇಲ್ಲ. ಸಾಕಾಗಿದೆ ನನಗೆ, ನಿಜ ಹೇಳಬೇಕೆಂದರೆ.

ಇದನ್ನೆಲ್ಲ ಅಳಿಸಿ ಅಂದರೆ ನಿಯಮ ತೋರಿಸುತ್ತಾರೆ. "ಸರ್ಟ್-ಇನ್ ಆದೇಶ ಇದೆ ಸಾರ್, ಲಾಗ್ ಇಡಲೇಬೇಕು." ಇದೆ. ಸರ್ಟ್-ಇನ್ ಅಂದರೆ ದೇಶದ ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ, ಅದರ ಆದೇಶ 2022ರ ಏಪ್ರಿಲ್ 28ರದು. 180 ದಿನದ ಲಾಗ್ ಇಡಬೇಕು, ಭದ್ರವಾಗಿ ಇಡಬೇಕು, ಸೈಬರ್ ಅನಾಹುತ ಆದರೆ 6 ಗಂಟೆಯೊಳಗೆ ತಿಳಿಸಬೇಕು. ಇವರು '180 ದಿನ' ಅನ್ನುವುದನ್ನು 'ಎಂದೆಂದಿಗೂ' ಅಂತ ಓದಿದರು. 'ಭದ್ರವಾಗಿ' ಅನ್ನುವುದನ್ನು ಓದಲೇ ಇಲ್ಲ. ಫೈಲು ಯಾರು ಬೇಕಾದರೂ ತೆರೆಯುವ ಫೋಲ್ಡರಿನಲ್ಲಿ ಬಿದ್ದಿತ್ತು.

ಹುಡುಗ ಒಂದು ಕೆಲಸದ ಪಟ್ಟಿ ಕೊಟ್ಟನಂತೆ. ಆಧಾರಿನ ಕೊನೆಯ ನಾಲ್ಕಂಕಿ ಬಿಟ್ಟು ಉಳಿದದ್ದು ಮುಚ್ಚುವುದು, ಒಟಿಪಿಯನ್ನು ಬರೆಯಲೇಬಾರದು. ಹೊರಗಿನವರು ಬರೆದ ಹೆಸರಿನಲ್ಲಿ ಹೊಸ ಸಾಲು ಶುರುಮಾಡುವ ಗುರುತು ಇದ್ದರೆ ಅದನ್ನು ಬದಲಿಸುವುದು. ಇಲ್ಲದಿದ್ದರೆ ಯಾರಾದರೂ ಹೆಸರಿನ ಜೊತೆಗೇ 'ಹಣ ಪಾವತಿಯಾಗಿದೆ' ಅಂತ ಒಂದು ಸುಳ್ಳು ಸಾಲು ಲಾಗಿಗೆ ಇಳಿಸಿಬಿಡಬಹುದು. ಫೈಲಿಗೆ ಒಂದು ಮಿತಿ, ತುಂಬಿದರೆ ಹಳೆಯದನ್ನು ಕಟ್ಟಿಟ್ಟು ಅವಧಿ ಮುಗಿದದ್ದನ್ನು ತೆಗೆಯುವುದು. ಎಲ್ಲ ಸರ್ವರಿಗೂ ಒಂದೇ ಗಡಿಯಾರ. ಖಾಲಿ ಕ್ಯಾಚ್ ಬ್ಲಾಕುಗಳನ್ನು ಒಂದೊಂದಾಗಿ ತುಂಬುವುದು. ಒಂದೆರಡು ತಿಂಗಳ ಬೇಸರದ ಕೆಲಸ. ಸಾಹೇಬರು ಪೂರ್ತಿ ಓದಿ ಕೇಳಿದ್ದು ಒಂದೇ ಪ್ರಶ್ನೆ: "ಇದರಲ್ಲಿ ಕಣ್ಣಿಗೆ ಕಾಣೋದು ಏನಿದೆ?"

ಏನೂ ಇಲ್ಲ ಸಾರ್. ಅದೇ ತೊಂದರೆ. ಲಾಗ್ ಗುಡಿಸಿದ್ದಕ್ಕೆ ಟೇಪು ಕತ್ತರಿಸಲು ಬರಲ್ಲ. ಟೌನ್‌ಹಾಲ್ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕಲು ಬರಲ್ಲ. 'ಖಾಲಿ ಕ್ಯಾಚ್ ಬ್ಲಾಕ್ ತುಂಬಿಸಿದ ಭಗೀರಥ' ಅಂತ ಯಾರಿಗೆ ಬಿರುದು ಕೊಡುತ್ತೀರಿ? ಹಾಗಾಗಿ ಪಟ್ಟಿ ಪಕ್ಕಕ್ಕೆ ಹೋಯಿತು. ಹೊಸ ಮೊಬೈಲ್ ಆಪ್ ಬರುತ್ತಿದೆ, ಲಾಂಛನ ತಯಾರಾಗಿದೆ. ಒಳಗೆ ಅದೇ ಹಳೇ ಸರ್ವರ್.

ಲಾಗಿಗೆ ಏನು ಪರಿಹಾರ ಅಂದರೆ, ದೊಡ್ಡ ಡಿಸ್ಕ್ ಹಾಕಿಸಿದ್ದಾರೆ. ಅದಕ್ಕೆ ಕುಂಕುಮ ಇಟ್ಟು ಹಾರ ಹಾಕಿದ ಫೋಟೋ ವಾಟ್ಸಾಪಿನಲ್ಲಿ ನೀವೂ ನೋಡಿರುತ್ತೀರಿ. ಹಳೇ ಡಿಸ್ಕ್ ಏನಾಯಿತು ಅಂತ ಹುಡುಗ ಕೇಳಿದನಂತೆ. "ಎಲ್ಲ ಕ್ರಮಬದ್ಧವಾಗಿ ಎಂಟ್ರಿ ಆಗಿದೆ" ಅಂತ ವಿಲೇವಾರಿ ಪುಸ್ತಕ ತೆಗೆದು ತೋರಿಸಿದರಂತೆ. ಎಂಟ್ರಿ ಇತ್ತು: 'ಹಳೆ ಕಂಪ್ಯೂಟರ್ ಸಾಮಾನು, ಒಂದು. ಗುಜರಿಗೆ.'