ಹಲ್ಲಿನಲ್ಲೊಂದು ಕಿಂಡಿ

ಹೊಗೆಸೊಪ್ಪು ಸೇದುವ ಮಣ್ಣಿನ ಪೈಪಿನಷ್ಟು ನಾಜೂಕಿನ ವಸ್ತು ಇನ್ನೊಂದಿಲ್ಲ. ಮೇಜಿನ ಮೇಲೆ ಸ್ವಲ್ಪ ಜೋರಾಗಿ ಇಟ್ಟರೂ ಸಾಕು, ಕೊಳವೆ ಲಟಕ್ಕನೆ ಎರಡು ತುಂಡು. ಕೈಜಾರಿ ನೆಲಕ್ಕೆ ಬಿದ್ದರಂತೂ ಕೇಳುವುದೇ ಬೇಡ. ಇಂಥ ಪೈಪು ಮನುಷ್ಯನ ಮೈಯಲ್ಲೇ ಅತಿ ಗಟ್ಟಿಯಾದ ಭಾಗವನ್ನು, ಅಂದರೆ ಹಲ್ಲಿನ ಹೊರಪದರವಾದ ಎನಾಮಲ್ಲನ್ನು, ಸವೆಸಿ ಕಿಂಡಿ ಕೊರೆಯುತ್ತಿತ್ತು ಅಂದರೆ ನಂಬುವುದು ಕಷ್ಟ. ಆದರೆ ಯುರೋಪಿನ ಹಳೆಯ ಸ್ಮಶಾನಗಳಲ್ಲಿ ಅಗೆದವರಿಗೆ ಅಂಥ ಹಲ್ಲುಗಳು ಬೇಕಾದಷ್ಟು ಸಿಕ್ಕಿವೆ.

ಹೊಗೆಸೊಪ್ಪು ಅಮೆರಿಕದ ಕಡೆಯಿಂದ ಇಂಗ್ಲೆಂಡಿಗೆ ಬಂದದ್ದು 16ನೇ ಶತಮಾನದಲ್ಲಿ. ಅದರ ಬೆನ್ನಿಗೇ ಮಣ್ಣಿನ ಪೈಪೂ ಹುಟ್ಟಿಕೊಂಡಿತು. ಆಗ ಸೊಪ್ಪು ಬಲು ದುಬಾರಿ. ಹಾಗಾಗಿ ಮೊದಮೊದಲ ಪೈಪುಗಳ ಬಟ್ಟಲು ತೀರಾ ಪುಟ್ಟದು, ಒಂದು ಚಿಟಿಕೆ ತುಂಬಿದರೆ ಮುಗಿಯಿತು. ಸೊಪ್ಪು ಅಗ್ಗವಾದ ಹಾಗೆಲ್ಲ ಬಟ್ಟಲೂ ಹೊಟ್ಟೆ ಬಿಟ್ಟುಕೊಂಡು ಬೆಳೆಯಿತು. ದೊರೆ ಒಂದನೇ ಜೇಮ್ಸ್‌ಗೆ ಈ ಚಟ ಕಂಡರೆ ಆಗುತ್ತಿರಲಿಲ್ಲ. 1604ರಲ್ಲಿ ಅದನ್ನು ಬೈಯುವುದಕ್ಕೆಂದೇ ಒಂದು ಪುಸ್ತಿಕೆ ಬರೆದ. ಅದರ ಪ್ರಸಿದ್ಧ ಸಾಲಿನಲ್ಲಿ ಕಣ್ಣು, ಮೂಗು, ಮಿದುಳು, ಶ್ವಾಸಕೋಶ ಎಲ್ಲದರ ಪರವಾಗಿಯೂ ದೂರು ಇದೆ. ಪಾಪ, ಹಲ್ಲಿನ ಪರವಾಗಿ ಇಲ್ಲ. ಮುಂದೆ 1619ರಲ್ಲಿ ಅದೇ ದೊರೆ ಪೈಪು ಮಾಡುವವರ ಸಂಘಕ್ಕೆ ಸನ್ನದು ಕೊಟ್ಟ. ಬೈಗುಳ ಬೈಗುಳಕ್ಕೆ, ವ್ಯಾಪಾರ ವ್ಯಾಪಾರಕ್ಕೆ, ಅಲ್ವಾ?

ಪೈಪು ಮಾಡುವ ಕೆಲಸ ನೋಡುವುದಕ್ಕೆ ಸುಲಭ. ಬಿಳಿ ಜೇಡಿಮಣ್ಣನ್ನು ಚೆನ್ನಾಗಿ ನಾದಿ, ಒಂದು ತುದಿಯಲ್ಲಿ ದಪ್ಪ ಗಂಟು, ಉಳಿದದ್ದೆಲ್ಲ ಸಣ್ಣ ಬಾಲ ಬರುವ ಹಾಗೆ ಹಲಗೆಯ ಮೇಲೆ ಹೊಸೆಯಬೇಕು. ಸ್ವಲ್ಪ ಬಿಗಿಯಾಗಲು ಬಿಡಬೇಕು. ಆಮೇಲೆ ಬರುವುದೇ ನಿಜವಾದ ಕಸುಬು. ಆ ಬಾಲದೊಳಗೆ ಉದ್ದಕ್ಕೂ ಒಂದು ತಂತಿ ತೂರಿಸಬೇಕು. ತಂತಿ ಎಲ್ಲೂ ಪಕ್ಕಕ್ಕೆ ಹೊರಳಿ ಹೊರಗೆ ಇಣುಕಬಾರದು. ಒಳಗೆ ಹೋಗುವ ತಂತಿ ಕಣ್ಣಿಗೆ ಕಾಣುವುದಿಲ್ಲ. ಒಂದು ಕೈ ತಳ್ಳುತ್ತಿದ್ದರೆ ಇನ್ನೊಂದು ಕೈಯ ಬೆರಳುಗಳು ಮಣ್ಣಿನ ಹೊರಗಿಂದಲೇ ಅದರ ತುದಿ ಎಲ್ಲಿದೆ ಎಂದು ತಡವುತ್ತ ದಾರಿ ತೋರಿಸಬೇಕು. ತಂತಿ ಸಮೇತ ಎರಡು ಹೋಳಿನ ಅಚ್ಚಿನಲ್ಲಿಟ್ಟು ಒತ್ತಿ, ಬಟ್ಟಲಿನ ಗುಳಿ ಮಾಡಿ, ಹೊರತೆಗೆದು, ಅಂಚು ಕೆರೆದು, ಒಣಗಿಸಿ ಗೂಡಿನಲ್ಲಿ ಸುಡುತ್ತಿದ್ದರು. ಶಾಖ 900 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಇಂಗ್ಲಿಷರ ಕೈಯಿಂದ ಈ ಕಸುಬು 17ನೇ ಶತಮಾನದ ಮೊದಲಲ್ಲೇ ಹಾಲೆಂಡಿನ ಗೌಡಾ ಪಟ್ಟಣಕ್ಕೂ ಹೋಯಿತು. ಈಗ ಚೀಸ್‌ಗೆ ಹೆಸರಾದ ಆ ಊರಿಗೆ ಆಗ ಪೈಪಿನಿಂದಲೂ ಅಷ್ಟೇ ಹೆಸರು.

ಸುಟ್ಟ ಮಣ್ಣಿಗೆ ಸಾಮಾನ್ಯವಾಗಿ ಗಾಜಿನಂಥ ಮೆರುಗು ಕೊಡುತ್ತಿರಲಿಲ್ಲ. ಅದರಲ್ಲೇ ಅದರ ಗುಣ, ಅದರಲ್ಲೇ ದೋಷ. ಮೈಯೆಲ್ಲ ಸೂಕ್ಷ್ಮ ರಂಧ್ರವಿರುವ ಮಣ್ಣು ಹೊಗೆಯ ತೇವ, ಜಿಡ್ಡು ಎಲ್ಲವನ್ನೂ ಹೀರಿಕೊಳ್ಳುತ್ತದೆ. ಸೇದುವವನಿಗೆ ಸೊಪ್ಪಿನ ರುಚಿ ಬೇರೇನೂ ಬೆರೆಯದೆ ಸಿಗುತ್ತದೆ. ಮಣ್ಣಿನ ಪೈಪಿನ ಅಭಿಮಾನಿಗಳು ಈಗಲೂ ಹೇಳುವ ಮಾತು ಇದೇ. ಆದರೆ ಹೊಗೆಯ ತೇವ ಹೀರುವ ಮಣ್ಣು ತುಟಿಯ ತೇವವನ್ನೂ ಹೀರುತ್ತದೆ. ಒಣ ಕೊಳವೆಯನ್ನು ತುಟಿಗಿಟ್ಟರೆ ಗಪ್ಪನೆ ಅಂಟಿಕೊಳ್ಳುತ್ತದೆ, ಕಿತ್ತರೆ ಸಿಪ್ಪೆ ಸಮೇತ ಬರುತ್ತದೆ. ಇದಕ್ಕೆ ತಯಾರಕರೇ ಒಂದು ಉಪಾಯ ಮಾಡಿದರು. ಬಾಯಿಗಿಡುವ ತುದಿಯನ್ನು ಮೇಣದಲ್ಲೋ ವಾರ್ನಿಷಿನಲ್ಲೋ ಅದ್ದಿದರು. ಕೆಲವರು ಅಷ್ಟು ಭಾಗಕ್ಕೆ ಮಾತ್ರ ಮೆರುಗು ಕೊಟ್ಟರು. ಬಿಳಿ ಪೈಪಿಗೆ ಕೆಂಪು ಮೇಣದ ತುದಿ, ನೋಡುವುದಕ್ಕೂ ಚೆಂದ. ಹೀಗೆ ತುಟಿಗೆ ಒಂದು ವ್ಯವಸ್ಥೆ ಆಯಿತು. ಹಲ್ಲಿನ ಪಾಡನ್ನು ಹಲ್ಲೇ ನೋಡಿಕೊಳ್ಳಬೇಕಾಯಿತು.

ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ ಎನಾಮಲ್ಲು ಸುಮಾರು 5. ಜೇಡಿಮಣ್ಣಿನಲ್ಲಿ ಬೆರೆತಿರುವ ಮರಳಿನ ಕಣ, ಅಂದರೆ ಕ್ವಾರ್ಟ್ಜ್, 7. ಒಡೆಯುವುದೇ ಬೇರೆ, ಉಜ್ಜುವುದೇ ಬೇರೆ. ಒಡೆಯುವ ವಿಚಾರದಲ್ಲಿ ಪೈಪು ಯಾವಾಗಲೂ ಸೋಲುತ್ತದೆ. ಉಜ್ಜುವ ವಿಚಾರದಲ್ಲಿ ಅದು ದುಂಡಗೆ ಸುತ್ತಿದ ಉಜ್ಜುಕಾಗದ. ಹಲ್ಲಿನಲ್ಲಿ ಕಚ್ಚಿದ ಪೈಪು ಸುಮ್ನೆ ಇರುವುದಿಲ್ಲ. ಮಾತಾಡಿದರೆ ಅಲುಗುತ್ತದೆ, ನಡೆದರೆ ಅಲುಗುತ್ತದೆ, ಬಾಯಿಯ ಈ ಮೂಲೆಯಿಂದ ಆ ಮೂಲೆಗೆ ಹೊರಳುತ್ತದೆ. ಅದೂ ಅಲ್ಲದೆ ಹಳೆಯ ಪೈಪು ನುಣುಪಾಗುವಷ್ಟರಲ್ಲಿ ಎಲ್ಲೋ ತಗುಲಿ ಒಡೆದಿರುತ್ತದೆ. ಮತ್ತೆ ಹೊಸದು, ಮತ್ತೆ ಹೊಸ ತರಿ. ಅಗ್ಗದ ಸಾಮಾನಿನ ನಿಜವಾದ ಖರ್ಚು ಇಲ್ಲಿತ್ತು ಅಂತ ನನಗೆ ಅನ್ನಿಸುತ್ತದೆ.

ಕಿಂಡಿ ಬೀಳುತ್ತಿದ್ದದ್ದು ಹೆಚ್ಚಾಗಿ ಕೋರೆಹಲ್ಲಿನ ಆಸುಪಾಸಿನಲ್ಲಿ. ಮೇಲಿನ ಎರಡು ಹಲ್ಲು, ಕೆಳಗಿನ ಎರಡು ಹಲ್ಲು, ನಾಲ್ಕೂ ತಂತಮ್ಮ ಮೂಲೆಯನ್ನು ಬಿಟ್ಟುಕೊಡುತ್ತಿದ್ದವು. ಬಾಯಿ ಮುಚ್ಚಿದರೆ ನಡುವೆ ದುಂಡಗಿನ ತೂತು, ಒಂದು ಪೆನ್ಸಿಲ್ ಆರಾಮಾಗಿ ತೂರುವಷ್ಟು. ಇಷ್ಟಾದರೂ ನೋವೇ ಆಗುತ್ತಿರಲಿಲ್ಲವೇ ಎಂದರೆ, ಸವೆತ ನಿಧಾನವಾಗಿದ್ದರೆ ಹಲ್ಲು ಒಳಗಿನಿಂದ ಡೆಂಟಿನ್, ಅಂದರೆ ಎನಾಮಲ್ಲಿನ ಕೆಳಗಿರುವ ಮೂಳೆಯಂಥ ವಸ್ತುವಿನ, ಹೊಸ ಪದರ ಕಟ್ಟಿಕೊಂಡು ನರವನ್ನು ಹಿಂದಕ್ಕೆ ಸರಿಸಿಕೊಳ್ಳುತ್ತದೆ. ಹೊರಗೆ ಗೋಡೆ ಬೀಳುತ್ತಿದ್ದ ಹಾಗೆ ಒಳಗೆ ಇನ್ನೊಂದು ಗೋಡೆ ಏಳುತ್ತದೆ. ಸೇದುವವನಿಗೆ ಇದರ ಗೊಡವೆಯೇ ಇಲ್ಲ. ಅವನ ಲೆಕ್ಕದಲ್ಲಿ ಕಿಂಡಿ ಬಿದ್ದದ್ದು ಅನುಕೂಲವೇ. ಪೈಪು ಜಾರದೆ ಅಲ್ಲೇ ಕೂರುತ್ತದೆ, ದವಡೆಗೆ ಬಿಗಿ ಬೇಕಿಲ್ಲ. ಒಂದು ಕಡೆ ಸಾಲದೆ ಎರಡೂ ಕಡೆ ಕಿಂಡಿ ಮಾಡಿಕೊಂಡವರೂ ಇದ್ದರು.

ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 1843ರಿಂದ 1854ರವರೆಗೆ ಶವ ಹೂಳುತ್ತಿದ್ದ ಒಂದು ಸ್ಮಶಾನವನ್ನು ಪುರಾತತ್ವದವರು ಅಗೆದರು. ಅಲ್ಲಿನ ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರ ಹಲ್ಲಿನಲ್ಲಿ ಪೈಪಿನ ಗುರುತು ಇತ್ತು. ಹೆಚ್ಚಿನವರು ಗಂಡಸರು. ಊರಿನ ಬಡವರ ಕೇರಿ ಅದು, ದುಡಿಯುವ ಜನ.

ದುಡಿಯುವ ಜನ ಅನ್ನುವುದರಲ್ಲೇ ಕತೆಯ ಗುಟ್ಟು ಇದೆ. ಇಂಗ್ಲೆಂಡಿನಲ್ಲಿ ‘ಚರ್ಚ್‌ವಾರ್ಡನ್’ ಎಂಬ ಮೊಳದುದ್ದದ ಪೈಪಿತ್ತು. ಉದ್ದ ಕೊಳವೆಯಲ್ಲಿ ಬರುವ ಹೊಗೆ ತಣ್ಣಗಿರುತ್ತದೆ, ಸೇದುವುದಕ್ಕೆ ಹಿತ. ಆದರೆ ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಲು ಆಗುವುದಿಲ್ಲ. ಆ ತುದಿಯಲ್ಲಿರುವ ಬಟ್ಟಲಿನ ಭಾರಕ್ಕೆ ಬಾಯಿ ಸೋಲುತ್ತದೆ. ಕುರ್ಚಿಯಲ್ಲಿ ಕೂತು, ಕೈಯಲ್ಲಿ ಹಿಡಿದು, ಆಗಾಗ ತುಟಿಗೆ ತಾಗಿಸಿ ಸೇದಬೇಕು. ಅಂಥವರ ಹಲ್ಲಿಗೆ ಏನೂ ಆಗುತ್ತಿರಲಿಲ್ಲ. ಬಂದರಿನಲ್ಲಿ ಮೂಟೆ ಹೊರುವವನಿಗೆ, ಗುದ್ದಲಿ ಹಿಡಿದವನಿಗೆ, ಬಲೆ ಎಳೆಯುವವನಿಗೆ ಆ ಬಿಡುವು ಎಲ್ಲಿಂದ ಬರಬೇಕು? ಎರಡು ಕೈಗೂ ಕೆಲಸ. ಉಳಿದದ್ದು ಬಾಯಿ. ಅವರಿಗೆ ಬೇಕಾದದ್ದು ಮೂಗಿನ ಕೆಳಗೇ ಉರಿಯುವ ಗಿಡ್ಡ ಪೈಪು. ಸ್ಕಾಟ್ಲೆಂಡಿನಲ್ಲಿ ಅದಕ್ಕೆ ‘ಕಟ್ಟಿ’, ಐರ್ಲೆಂಡಿನಲ್ಲಿ ‘ದುದೀನ್’. ಗಿಡ್ಡದ್ದನ್ನು ಕೊಳ್ಳಲೇಬೇಕೆಂದೂ ಇರಲಿಲ್ಲ. ಉದ್ದದ್ದು ಮುರಿದರೆ ಉಳಿದ ಮೋಟೇ ಗಿಡ್ಡ ಪೈಪು. ಮುರಿದ ತುದಿಗೆ ಮೇಣವೂ ಇಲ್ಲ, ಮೆರುಗೂ ಇಲ್ಲ, ಬರೀ ತರಿತರಿ ಮಣ್ಣು. ಅದೇ ಸೀದಾ ಹಲ್ಲಿನ ನಡುವೆ.

ಹೆಂಡದಂಗಡಿಯ ಉದ್ದ ಪೈಪಿನ ಬಗ್ಗೆ ಒಂದು ಕತೆ ಈಗಲೂ ಓಡಾಡುತ್ತದೆ. ಒಬ್ಬ ಸೇದಿಟ್ಟ ಪೈಪನ್ನು ಮುಂದಿನ ಗಿರಾಕಿ ತುದಿಯ ಒಂದಿಂಚು ಮುರಿದುಹಾಕಿ ಸೇದುತ್ತಿದ್ದನಂತೆ, ಮೈಲಿಗೆ ಕಳೆಯಲಿ ಅಂತ. ಕೇಳುವುದಕ್ಕೆ ಚೆನ್ನಾಗಿದೆ, ನನಗೆ ನಂಬಿಕೆ ಬರುವುದಿಲ್ಲ. ಹಾಗೆ ಮುರಿದರೆ ಮೇಣ ಹಚ್ಚಿದ ಬಾಯಿಯೇ ಹೋಯಿತಲ್ಲ! ಅಲ್ಲದೆ ಪೈಪು ಶುಚಿ ಮಾಡಲು ಬೇರೆ ದಾರಿಯೇ ಇತ್ತು. ಕಬ್ಬಿಣದ ಚೌಕಟ್ಟಿನಲ್ಲಿ ಪೈಪುಗಳನ್ನು ಸಾಲಾಗಿ ಮಲಗಿಸಿ ಬೆಂಕಿಗೆ ಇಡುತ್ತಿದ್ದರು. ಜಿಡ್ಡೆಲ್ಲ ಸುಟ್ಟುಹೋಗಿ ಪೈಪು ಮತ್ತೆ ಬೆಳ್ಳಗೆ. ಥೇಮ್ಸ್ ನದಿಯ ದಂಡೆಯಲ್ಲಿ ಇವತ್ತಿಗೂ ರಾಶಿ ರಾಶಿ ಕೊಳವೆ ತುಂಡು ಸಿಗುತ್ತವೆ ಅಂದರೆ ಅದಕ್ಕೆ ಜನರ ಮಡಿಗಿಂತ ಮಣ್ಣಿನ ಪೆಳಸುತನ ಕಾರಣ. ಆ ತುಂಡುಗಳಿಂದ ಒಂದು ಉಪಕಾರವೂ ಆಗಿದೆ. ಕಾಲ ಸರಿದ ಹಾಗೆ ಕೊಳವೆಯ ಒಳತೂತು ಸಣ್ಣದಾಗುತ್ತ ಬಂದಿತ್ತು. 1954ರಲ್ಲಿ ಹ್ಯಾರಿಂಗ್ಟನ್ ಎಂಬ ಅಮೆರಿಕದ ಪುರಾತತ್ವಜ್ಞರು ಅದನ್ನು ಅಳೆದು, ತೂತಿನ ಅಗಲದ ಮೇಲೆ ಅಗೆದ ಜಾಗದ ಕಾಲ ಹೇಳಬಹುದೆಂದು ತೋರಿಸಿದರು.

ಹಲ್ಲನ್ನು ಕಾಪಾಡಿಕೊಳ್ಳುವ ಉಪಾಯಗಳೇನೂ ಭಾರಿಯಲ್ಲ. ಕೊಳವೆಯ ತುದಿಗೆ ದಾರ ಸುತ್ತುವುದು ಎಲ್ಲಕ್ಕಿಂತ ಸರಳ. ಒಂದೂವರೆ ಬೆರಳಗಲ ಜಾಗದಲ್ಲಿ ಹತ್ತಿಯ ದಾರವನ್ನು ಸುತ್ತಿಗೆ ಸುತ್ತು ತಾಗುವಂತೆ ಒತ್ತೊತ್ತಾಗಿ ಸುತ್ತಬೇಕು. ಕೊನೆಯನ್ನು ಸುತ್ತಿನ ಅಡಿಗೇ ನುಸುಳಿಸಿ ಎಳೆದರೆ ಗಂಟು ಬಾಯಿಗೆ ತಾಗುವುದಿಲ್ಲ. ಮೇಲೆ ಜೇನುಮೇಣ ತಿಕ್ಕಿದರೆ ಎಂಜಲು ಇಳಿದು ಒದ್ದೆಮುದ್ದೆ ಆಗುವುದಿಲ್ಲ. ಹಲ್ಲಿಗೆ ಮೆತ್ತಗೆ, ಹಿಡಿತಕ್ಕೂ ಗಟ್ಟಿ, ತುಟಿಗೆ ಬಿಸಿಯೂ ಜಾಸ್ತಿ ತಟ್ಟುವುದಿಲ್ಲ. ದಾರ ಕೊಳೆಯಾದರೆ ಬಿಚ್ಚಿ ಹೊಸದು ಸುತ್ತಿದರಾಯಿತು. ಹಿಂದಿನ ಕೂಲಿಕಾರರಲ್ಲೂ ದಾರ ಸುತ್ತುತ್ತಿದ್ದವರು ಇದ್ದರು. ಎಲ್ಲರೂ ಸುತ್ತಿದ್ದರೆ ಪುರಾತತ್ವದವರಿಗೆ ಕೆಲಸ ಇರುತ್ತಿರಲಿಲ್ಲ. 19ನೇ ಶತಮಾನದ ನಡುವೆ ಬ್ರೈಯರ್ ಎಂಬ ಗಟ್ಟಿ ಬೇರಿನ ಪೈಪು ಬಂತು, ಅದಕ್ಕೆ ಗಡುಸು ರಬ್ಬರಿನ ಕೊಳವೆ. ಈಗ ಅದರ ಮೇಲೂ ತೊಡಿಸಲು ಮೆತ್ತನೆಯ ರಬ್ಬರ್ ಟೋಪಿ ಸಿಗುತ್ತದೆ. ಅಲ್ಲಿಗೆ ಹಲ್ಲು ಬಚಾವ್.

ಹಲ್ಲು ಮಾತ್ರ. ವೈಟ್‌ಚಾಪೆಲ್‌ನ ಆ ಅಸ್ಥಿಪಂಜರಗಳಲ್ಲಿ ಪೈಪು ಸೇದಿದವರ ಪಕ್ಕೆಲುಬಿನ ಒಳಮೈ ಮೇಲೆ ಶ್ವಾಸಕೋಶದ ಕಾಯಿಲೆಯ ಗುರುತುಗಳು ಉಳಿದವರಿಗಿಂತ ಹೆಚ್ಚಾಗಿದ್ದವು. ಪೈಪು ಸೇದುವವರಿಗೆ ತುಟಿಯ ಕ್ಯಾನ್ಸರ್ ಬರುತ್ತದೆ ಎಂದು ಜರ್ಮನಿಯ ವೈದ್ಯ ಸೋಮರಿಂಗ್ 1795ರಲ್ಲೇ ಬರೆದಿದ್ದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ನಾವಿಲ್ಲಿ ದಾರ ಸುತ್ತುತ್ತ ಕೂತಿದ್ದೇವೆ.

ಸಿಗರೇಟು ಬಂದ ಮೇಲೆ ಮಣ್ಣಿನ ಪೈಪಿನ ಗೂಡುಗಳು ಒಂದೊಂದಾಗಿ ಆರಿದವು. ಇಂಗ್ಲೆಂಡಿನ ಶ್ರಾಪ್‌ಷೈರಿನ ಬ್ರೋಸ್ಲಿಯಲ್ಲಿ ಅಂಥದೊಂದು ಕಾರ್ಖಾನೆ ಆಮೇಲೆ ಮ್ಯೂಸಿಯಂ ಆಯಿತು. ಸೇದುವವರು ಕೈಬಿಟ್ಟ ಪೈಪನ್ನು ಕೊನೆಗಾಲದಲ್ಲಿ ಜಾಸ್ತಿ ಇಷ್ಟಪಟ್ಟವರು ಮಕ್ಕಳು. ಬಟ್ಟಲನ್ನು ಸೋಪಿನ ನೀರಿನಲ್ಲಿ ಅದ್ದಿ ಗುಳ್ಳೆ ಊದುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಮಾನು ಇರಲಿಲ್ಲ. ಆ ಗಿರಾಕಿಗಳಿಂದ ಹಲ್ಲಿನ ದೂರು ಬರುವ ಭಯವೂ ಇರಲಿಲ್ಲ. ಅರ್ಧ ಜನಕ್ಕೆ ಮುಂದಿನ ಹಲ್ಲು ಆಗಲೇ ಬಿದ್ದಿರುತ್ತಿತ್ತು.