ಹತ್ತ ಸಾವಿರದ ಲಿಮಿಟ್ ಅಂತ!

ಮುಂಜಾನೆ ಬಾಗಲಕೋಟಿ ನವನಗರದಾಗ ಚಾ ಕುಡಿಯಾಕ ನಿಂತಿದ್ದೆ. ಬಾಜೂಕ ಇಬ್ರು ಹುಡುಗ್ರು ಗೋವಾಕ್ಕ ಹೋಗೋ ಪ್ಲ್ಯಾನ್ ಹಾಕಾಕತ್ತಿದ್ರು. ಬೆಳಗಾವಿ ಮ್ಯಾಲೆ ಚೋರ್ಲಾ ಘಾಟ್ ಇಳದು ಪಣಜಿ, ಅಲ್ಲಿ ಮಾಂಡವಿ ಹೊಳ್ಯಾಗ ನಿಂತಾವಲ್ಲ ಕ್ಯಾಸಿನೋ ಹಡಗ, ಅವು. ಒಬ್ಬಂವ ಅಂದ, "ಹತ್ತ ಸಾವಿರ ಲಿಮಿಟ್ ಲೇ, ಹೋದ್ರ ಹೋತು, ಪಿಕ್ಚರ್ ನೋಡಿದಂಗ." ಇನ್ನೊಬ್ಬ ಕೇಳಿದ, "ಹಂಗಾರ ಎಟಿಎಂ ಕಾರ್ಡ್ ಮನ್ಯಾಗ ಇಟ್ಟ ಬರ್ತಿಯೇನು?" "ಅದ್ಯಾಕ? ಅರ್ಜಂಟ್ ಬೇಕಾದ್ರ?"

ಅರ್ಜಂಟ್ ಅಂತ! ಹಡಗಿನ ಮ್ಯಾಲೆ ರಾತ್ರಿ ಎರಡಕ್ಕ ಅದೇನ್ ಅರ್ಜಂಟ್ ಬರ್ತೈತೋ, ಹೆರಿಗಿನೋ?

ಈ ಲಿಮಿಟ್ ಅನ್ನೋ ಶಬ್ದ ಕೇಳಿದ್ರ ನನಗ ಮೈ ಉರೀತೈತಿ. ಯಾಕ ಅಂತ ಹಳೇ ದೋಸ್ತರಿಗೆ ಗೊತ್ತು, ಗೊತ್ತಿಲ್ಲದವ್ರಿಗೆ ಹೇಳ್ತೀನಿ. 2023ರ ಐಪಿಎಲ್‌ನ್ಯಾಗ ನಾನೂ ಫೋನಿನ್ಯಾಗ ರೊಕ್ಕ ಹಚ್ಚಿ ಟೀಮ್ ಕಟ್ಟಾಂವನ. ತಿಂಗಳಿಗೆ 500 ರೂಪಾಯಿ ಲಿಮಿಟ್, ಡೈರಿಯಾಗ ಬರದ ಇಟ್ಟಿದ್ದೆ. ಮೊದಲನೇ ವಾರ 1800 ಗೆದ್ದೆ. ಗೆದ್ದ ರೊಕ್ಕ ಲಿಮಿಟ್‌ನ್ಯಾಗ ಬರಂಗಿಲ್ಲಲ್ಲ, ಅದು ಆಟದ ರೊಕ್ಕ ಅಂತ ನಾನ ಕಾಯ್ದೆ ಮಾಡಿಕೊಂಡೆ. ಅದು ಹೋತು. ಹೋದದ್ದು ತಿರುಗಿ ತರೂದು ಬ್ಯಾರೆ ಲೆಕ್ಕ ಅಂತ ಇನ್ನೊಂದು ಕಾಯ್ದೆ. ಫೈನಲ್ ಮುಗಿಯೂದ್ರಾಗ 64 ಸಾವಿರ. ಡೈರಿಯಾಗ ಮಾತ್ರ 500 ಹಂಗ ಐತಿ, ಇನ್ನೂ ಐತಿ. ಜಾಹೀರಾತಿನ ಕಡೀಗೆ ಉಸಿರು ಬಿಡದ ಗಡಬಡಿಸಿ ಓದತಿದ್ರಲ್ಲ, ಜವಾಬ್ದಾರಿಯಿಂದ ಆಡ್ರಿ ಅಂತ, ಅದನ್ನೂ ದಿನಾ ಕೇಳೀನಿ.

ನಮ್ಮೂರು ಈಗ ಆಲಮಟ್ಟಿ ಡ್ಯಾಮಿನ ಹಿನ್ನೀರಿನಾಗ ಐತಿ. ನೀರು ಬರೂಕಿಂತ ಮೊದಲ ಪಂಚಮಿ ಬಂತಂದ್ರ ಜೋಕಾಲಿ, ಉಂಡಿ, ಹಿಂದ ಜೂಜು. ಇಷ್ಟ ಎಸೆತದಾಗ ನಿಂಬಿಹಣ್ಣು ಅಗಸಿ ಮುಟ್ಟಬೇಕು, ಟೆಂಗಿನಕಾಯಿ ಅಷ್ಟ ದೂರ ಒಗೀಬೇಕು, ಮ್ಯಾಲೆ ಪಣ. ಅವ್ವ ಅಪ್ಪನ ಕೈಯಾಗ ಐವತ್ತು ರೂಪಾಯಿ ಇಟ್ಟು, ಉಳಿದದ್ದು ಎಲಿಅಡಕಿ ಚೀಲದಾಗ ಹಾಕಿ ಟೊಂಕಕ್ಕ ಸಿಗಸ್ಕೋತಿದ್ಳು. ಅಪ್ಪ ತಾಸಿನ್ಯಾಗ ಹೊಳ್ಳಿ ಬಂದು ತಲಬಾಗಿಲಕ್ಕ ನಿಂತ್ರ, "ಮುಗೀತಿಲ್ಲ? ಕೈಕಾಲು ತೊಳಕೊಂಡು ಉಂಡಿ ತಿನ್ ಬಾ" ಅನ್ನಾಕಿ. ಅದು ನೋಡ್ರಿ ಲಿಮಿಟ್. ಆಡಾಂವನ ತಲಿಯಾಗ ಇರಲಿಲ್ಲ, ಅವ್ವನ ಟೊಂಕದಾಗ ಇತ್ತು. ಈಗ ಎಲಿಅಡಕಿ ಚೀಲ ನಮ್ಮ ಫೋನಿನ್ಯಾಗ ಕುಂತೈತಿ, ಪಿನ್ನು ನಮಗ ಬಾಯಿಪಾಠ.

ಕಮೆಂಟಿನ್ಯಾಗ ಯಾರರೆ ಬಂದ ಬರ್ತೀರಿ, 2025ರ ಆಗಸ್ಟ್‌ನ್ಯಾಗ ಕೇಂದ್ರ ಸರ್ಕಾರ ಕಾನೂನು ಮಾಡಿ ರೊಕ್ಕದ ಆ್ಯಪ್ ಬಂದ್ ಮಾಡೇತಲ್ಲ ಸರ, ಇನ್ನ್ಯಾಕ ಈ ಪುರಾಣ ಅಂತ. ಹೌದಪಾ, ಬಂದ್ ಆತು, ಚೊಲೊ ಆತು. ಓಸಿ, ಅಂದ್ರ ಮಟಕಾ ನಂಬರಿನ ಜೂಜು, ಯಾವ ಕಾಲದಾಗ ಕಾಯ್ದೇಶೀರ ಇತ್ತು? ಚೀಟಿ ಬರಿಯಾಂವ ಇನ್ನೂ ಬರೀತಾನ. ಸೊನ್ನಿ ಸೊನ್ನಿಯಿಂದ ತೊಂಬತ್ತೊಂಬತ್ತರ ತನಕ ನೂರು ಜೋಡಿ, ಒಂದಕ್ಕ ಎಂಬತ್ತು ಕೊಡ್ತಾರ. ಒಂದೊಂದು ರೂಪಾಯಿ ಹಚ್ಚಿ ನೂರಕ್ಕ ನೂರೂ ಬರಸಿದ್ರೂ ಇಪ್ಪತ್ತು ರೂಪಾಯಿ ಲುಕ್ಸಾನು, ಅಂದ್ರ ಅಷ್ಟೂ ನಂಬರ್ ನಿಂದ ಇದ್ರೂ ನೀ ಸೋತಿ! ಇಷ್ಟು ಲೆಕ್ಕ ಐದನೇತ್ತ ಹುಡುಗಗ ಬರ್ತೈತಿ. ಇನ್ನ ಎಲ್ಲಾರೂ ನಿನ್ನಂಗ ಇರೂದಿಲ್ಲ, ಲಿಮಿಟ್‌ನ್ಯಾಗ ಆಡಾವ್ರು ಅದಾರ ಅಂತೀರಿ. ಅದಾರ. ನಮ್ಮ ಸ್ವಾದರಮಾವ ಹಬ್ಬಕ್ಕೊಮ್ಮೆ ರಮ್ಮಿ ಆಡ್ತಾನ, ಕಿಸೆದಾಗ ಬಸ್ ಚಾರ್ಜ್ ಬಿಟ್ಟು ಇನ್ನೂರು, ಫೋನು ಹಳೇ ಬಟನ್ನಿಂದು. ಅಂಥಾವ್ರು ಕೈ ಎತ್ರಿ ನೋಡೂಣು.

ನನಗ ಹೆದರಿಕಿ ಬ್ಯಾರೇನ ಐತಿ. ಆಲಮಟ್ಟಿ 519.60ರಿಂದ 524.256 ಮೀಟರಿಗೆ ಏರಸ್ತಾರ, ಮುಳುಗೋ ಹೊಲಕ್ಕ ಪರಿಹಾರ ನೀರಾವರಿ ಎಕರೇಕ್ಕ 40 ಲಕ್ಷ, ಒಣಬೇಸಾಯಕ್ಕ 30 ಲಕ್ಷ ಅಂತ 2025ರ ಸಪ್ಟೆಂಬರ್‌ನ್ಯಾಗ ಕ್ಯಾಬಿನೆಟ್ ಒಪ್ಪೇತಿ. ನೀರಿನ ಲಿಮಿಟ್ ಮಿಲಿಮೀಟರ್ ತನಕ ಬರದಾರ, ರೊಕ್ಕದ್ದು ಯಾರ್ ಬರೀಬೇಕು? ಹಿಂದಿನ ಪರಿಹಾರದ ರೊಕ್ಕ ಎಲ್ಲೆಲ್ಲಿ ಹರೀತು ಅಂತ ಮುಳುಗಡಿ ಮಂದೀಗೆ ನಾ ಹೇಳಬೇಕೇನು? ಚಾದಂಗಡಿ ಹುಡುಗ್ರೂ ಅಂಥಾ ಮನಿಯಾವ್ರ.

ನನ್ನ ಕಾರ್ಡು, ಪಾಸ್‌ಬುಕ್ ಎರಡ ವರ್ಷಾತು ನನ್ನ ಹೇಂತಿ ಕಡೆ ಅದಾವ. ಚಾಕ್ಕ ರೊಕ್ಕ ಕೇಳಿದ್ರ "ಇವತ್ತ ಯಾವ ಮ್ಯಾಚು?" ಅಂತಾಳ. ಸಿಟ್ಟ ಬರ್ತೈತಿ, ನುಂಗತೀನಿ. ಇನ್ನೊಂದು ಮಾತು, ಮ್ಯಾಲೆ 64 ಸಾವಿರ ಅಂತ ಬರದೀನಲ್ಲ, ಅಕಿಗೆ ಇಲ್ಲೀತನಕ 40 ಅಂತನ ಹೇಳಿದ್ದೆ. ಮಧ್ಯಾಹ್ನ ಊಟ ಆದಮ್ಯಾಲೆ ಫೇಸ್‌ಬುಕ್ ತಗೀತಾಳ.