ನಿಮ್ಮ ಅನುಕೂಲಕ್ಕಾಗಿ

ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದೊಡನೆ ‘ನಿಮ್ಮ ಅನುಕೂಲಕ್ಕಾಗಿ ಕೆಲವು ಸುಧಾರಣೆಗಳನ್ನು ಮಾಡಿದ್ದೇವೆ’ ಎಂಬ ಸಾಲು ಕಂಡರೆ ನನ್ನ ಎದೆ ಧಸಕ್ಕೆನ್ನುತ್ತದೆ. ಅನುಕೂಲ ಮಾಡಿಕೊಡಿ ಎಂದು ನಾನು ಯಾರಿಗೂ ಅರ್ಜಿ ಹಾಕಿರಲಿಲ್ಲ. ರಾತ್ರಿ ಮಲಗುವಾಗ ಎಲ್ಲವೂ ನೆಟ್ಟಗೇ ಇತ್ತು. ಈಗ ನೋಡಿದರೆ ಪಿಡಿಎಫ್‌ಗಳನ್ನು ಯಾವುದೋ ಅಪರಿಚಿತ ಬ್ರೌಸರ್ ತೆರೆಯುತ್ತಿದೆ, ಪರದೆಯ ಮೂಲೆಯಲ್ಲಿ ಕರೆಯದ ಹವಾಮಾನ ವರದಿ ಬಂದು ಕುಳಿತಿದೆ, ಡೆಸ್ಕ್‌ಟಾಪ್‌ನಲ್ಲಿದ್ದ ಮಗಳ ಶಾಲಾ ಶುಲ್ಕದ ರಸೀದಿ ಕ್ಲೌಡ್ ಎಂಬ ಕಂಪನಿಯ ದೂರದ ಉಗ್ರಾಣ ಸೇರಿದೆ. ನಮ್ಮ ಸಾಮಾನನ್ನೆಲ್ಲ ತಾನೇ ಅಲ್ಲಿಗೆ ಸಾಗಿಸಿದ ಕಂಪನಿ, ಆಮೇಲೆ ‘ನಿಮ್ಮ ಜಾಗ ತುಂಬಿದೆ, ಹಣ ಕಟ್ಟಿ’ ಎಂದು ನಮಗೇ ತಗಾದೆ ಕಳಿಸುತ್ತದೆ.

ಊರಿನಿಂದ ಬಂದ ನಾದಿನಿ ನಮ್ಮ ಅಡುಗೆಮನೆಯ ಡಬ್ಬಿಗಳನ್ನು ‘ನೀಟಾಗಿ’ ಜೋಡಿಸಿಟ್ಟು ಹೋದಾಗಲೂ ಹೀಗೆಯೇ ಆಗುತ್ತದೆ. ಆದರೆ ನಾದಿನಿಗಾದರೆ ಫೋನ್ ಮಾಡಿ ‘ಸಾಸಿವೆ ಎಲ್ಲಿಟ್ಟೆ ತಾಯಿ?’ ಎಂದು ಕೇಳಬಹುದು.

ನಮ್ಮ ಅತ್ತೆಯವರದು ಇನ್ನೊಂದು ಕಥೆ. ರಾತ್ರಿ ಒಂಬತ್ತಾದರೆ ಫೋನ್ ಆರಿಸಿ, ದೇವರ ಮನೆಯ ದೀಪ ನೋಡಿ ಮಲಗುವುದು ಅವರ ಪದ್ಧತಿ. ಒಂದು ಅಪ್‌ಡೇಟ್ ಆದ ಮೇಲೆ, ಆರಿಸುವ ಗುಂಡಿಯನ್ನು ಒತ್ತಿ ಹಿಡಿದರೆ ಫೋನ್ ಆರುವ ಬದಲು ಬಣ್ಣಬಣ್ಣವಾಗಿ ಮಿನುಗಿ, ಹೆಣ್ಣು ದನಿಯಲ್ಲಿ ‘ಹೇಳಿ, ನಾನು ಹೇಗೆ ಸಹಾಯ ಮಾಡಲಿ?’ ಎಂದು ಕೇಳತೊಡಗಿತು. ಅತ್ತೆಯವರು ಬಲು ಮರ್ಯಾದಸ್ಥರು. ‘ಏನೂ ಬೇಡಮ್ಮ, ಹೊತ್ತಾಯಿತು, ನೀನೂ ಮಲಗು’ ಎಂದರು. ‘ಕ್ಷಮಿಸಿ, ಅರ್ಥವಾಗಲಿಲ್ಲ’ ಎಂದಿತು. ಇವರು ಇನ್ನಷ್ಟು ನಿಧಾನವಾಗಿ, ಬಿಡಿಸಿ ಹೇಳಿದರು. ಅದು ಮಲಗುವ ಸ್ಥಿತಿಯಲ್ಲಿರಲಿಲ್ಲ. ಹತ್ತಿರದ ವಸತಿಗೃಹಗಳ ಪಟ್ಟಿ ತೋರಿಸಿತು. ‘ಪಾಪ, ಯಾರ ಮನೆಯ ಮಗುವೋ, ಇಷ್ಟು ಹೊತ್ತಿಗೂ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ’ ಎಂದು ಅತ್ತೆಯವರು ನನ್ನನ್ನೇ ಗದರಿಸುವ ದನಿಯಲ್ಲಿ ಹೇಳಿದರು.

ಇದು ನಮ್ಮ ಮನೆಯ ಗ್ರಹಚಾರ ಮಾತ್ರವಲ್ಲ. 2014ರಲ್ಲಿ ಆ್ಯಪಲ್ ಕಂಪನಿ ಯು2 ಎಂಬ ರಾಕ್ ಸಂಗೀತ ತಂಡದ ಹೊಸ ಆಲ್ಬಮನ್ನು ಸುಮಾರು 50 ಕೋಟಿ ಗ್ರಾಹಕರ ಸಂಗೀತ ಸಂಗ್ರಹಕ್ಕೆ ಕೇಳದೇ ಸುರಿಯಿತು. ಉಚಿತವಾಗಿ ಕೊಟ್ಟರೂ ಜನ ಎಷ್ಟು ಸಿಡುಕಿದರೆಂದರೆ, ಒಂದು ವಾರದೊಳಗೆ ಅದನ್ನು ಅಳಿಸಿಹಾಕಲೆಂದೇ ಪ್ರತ್ಯೇಕ ಪುಟ ತೆರೆಯಬೇಕಾಯಿತು. 2016ರಲ್ಲಿ ಮೈಕ್ರೋಸಾಫ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ವಿಂಡೋಸ್ 10 ಹಾಕಿಕೊಳ್ಳಿ ಎಂಬ ಚೌಕವನ್ನು ಮುಚ್ಚಲು ಮೂಲೆಯ ಕೆಂಪು ಗುಣಾಕಾರ ಚಿಹ್ನೆ ಒತ್ತಿದರೆ, ಅದನ್ನೇ ಸಮ್ಮತಿ ಎಂದು ಬರೆದುಕೊಳ್ಳುತ್ತಿತ್ತು! ಬಾಗಿಲು ಹಾಕಿಕೊಂಡದ್ದನ್ನೇ ಆಹ್ವಾನ ಎಂದು ತಿಳಿಯುವ ಈ ಧೈರ್ಯವನ್ನು ಮೆಚ್ಚಲೇಬೇಕು. ಕೇಳದೇ ಬಂದ ಆ ಅಪ್‌ಗ್ರೇಡ್‌ನಿಂದ ಕಂಪ್ಯೂಟರ್ ಕೆಟ್ಟಿತೆಂದು ಕ್ಯಾಲಿಫೋರ್ನಿಯಾದ ಪ್ರವಾಸ ಏಜೆನ್ಸಿಯ ಮಹಿಳೆಯೊಬ್ಬರು ಕೋರ್ಟಿಗೆ ಹೋಗಿ 10,000 ಡಾಲರ್ ವಸೂಲು ಮಾಡಿದರು. ಅವರು ಎಲ್ಲಿದ್ದರೂ ಚೆನ್ನಾಗಿರಲಿ.

ನಮ್ಮ ದೇಶದಲ್ಲಿ 2018ರ ಆಗಸ್ಟ್‌ನಲ್ಲಿ ನಡೆದದ್ದು ಬಹಳ ಜನರಿಗೆ ನೆನಪಿರಬಹುದು. ಅಸಂಖ್ಯ ಆಂಡ್ರಾಯ್ಡ್ ಫೋನ್‌ಗಳಲ್ಲಿ, ಉದಯ ಭಾವನಿಗೂ ಉಮಾ ಅತ್ತಿಗೆಗೂ ನಡುವೆ, ಆಧಾರ್ ಪ್ರಾಧಿಕಾರದ ಸಹಾಯವಾಣಿ ಹೆಸರುಪಟ್ಟಿಯಲ್ಲಿ ಕುಳಿತಿತ್ತು. ಸರ್ಕಾರವೇ ಜೇಬಿಗೆ ಕೈ ಹಾಕಿತು ಎಂದು ಗುಲ್ಲೆದ್ದಿತು. ‘ನಾವಲ್ಲ, ಅದು ನಮ್ಮ ಈಗಿನ ನಂಬರೂ ಅಲ್ಲ’ ಎಂದಿತು ಪ್ರಾಧಿಕಾರ. ಕೊನೆಗೆ ಗೂಗಲ್, 2014ರಲ್ಲೇ ಭಾರತದ ಬಳಕೆಗೆಂದು ಫೋನ್ ತಯಾರಕರಿಗೆ ಕೊಟ್ಟ ತಂತ್ರಾಂಶದಲ್ಲಿ ತಾನೇ ಕಣ್ತಪ್ಪಿನಿಂದ ಸೇರಿಸಿದ್ದೆ ಎಂದು ಒಪ್ಪಿಕೊಂಡಿತು. ಹೋಗಲಿ, ಅದು ಬರೀ ನಂಬರು. ಅದಕ್ಕೂ ಹಿಂದಿನ ವರ್ಷ ಸಿಮ್‌ಗೆ ಆಧಾರ್ ಜೋಡಿಸಲು ಹೋದ ಏರ್‌ಟೆಲ್ ಗ್ರಾಹಕರ ಹೆಸರಿನಲ್ಲಿ ಪೇಮೆಂಟ್ಸ್ ಬ್ಯಾಂಕ್ ಖಾತೆಗಳೇ ತೆರೆದುಕೊಂಡು, ಅಡುಗೆ ಅನಿಲದ ಸಬ್ಸಿಡಿ ಅಲ್ಲಿಗೆ ಹರಿಯತೊಡಗಿತ್ತು. 2018ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಆ ಬ್ಯಾಂಕಿಗೆ 5 ಕೋಟಿ ರೂಪಾಯಿ ದಂಡ ಹಾಕಿತು.

2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ಜಾಣತನಗಳನ್ನು ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಸಿ ನಿಷೇಧಿಸಿದೆ. ಪದೇಪದೇ ಕೇಳಿ ಪೀಡಿಸುವುದು, ನಾಚಿಕೆ ಹುಟ್ಟಿಸಿ ಒಪ್ಪಿಸುವುದು ಎಲ್ಲವೂ ಅದರಲ್ಲಿವೆ. ನಿಷೇಧದ ಸುದ್ದಿ ನನ್ನ ಫೋನ್‌ನವರೆಗೆ ಬಂದಂತಿಲ್ಲ. ನಿನ್ನೆ ಒಂದು ಆ್ಯಪ್ ಕೊಟ್ಟ ಎರಡು ಗುಂಡಿಗಳು: ದಪ್ಪ ನೀಲಿಯಲ್ಲಿ ‘ಹೌದು, ಸುರಕ್ಷಿತವಾಗಿರುತ್ತೇನೆ’, ಕೆಳಗೆ ಇರುವೆ ಗಾತ್ರದಲ್ಲಿ ‘ಬೇಡ, ಅಪಾಯವಾದರೂ ಪರವಾಗಿಲ್ಲ’. ಕನ್ನಡಕ ಹುಡುಕಿ ತಂದು ಅಪಾಯವನ್ನೇ ಆರಿಸಿಕೊಂಡೆ. ‘ಸರಿ, ನಾಳೆ ನೆನಪಿಸುತ್ತೇವೆ’ ಎಂದಿತು.

ತಾನಾಗಿಯೇ ಅಪ್‌ಡೇಟ್ ಆಗುವ ಸೌಲಭ್ಯವನ್ನು ಮಗಳು ಹುಡುಕಿ ಬಂದ್ ಮಾಡಿಕೊಟ್ಟಿದ್ದಳು. ಮುಂದಿನ ಅಪ್‌ಡೇಟ್ ಮೊದಲು ಮಾಡಿದ ಕೆಲಸ ಅದನ್ನು ಮತ್ತೆ ಹಚ್ಚಿದ್ದು. ಈಗ ಅವಳೇ ಇನ್ನೊಂದು ಉಪಾಯ ಹೇಳಿದ್ದಾಳೆ: ರಾತ್ರಿ ಚಾರ್ಜ್‌ಗೆ ಹಾಕದೇ ಮಲಗುವುದು. ಬ್ಯಾಟರಿ ತಳಕ್ಕಿಳಿದ ಫೋನ್‌ನಲ್ಲಿ ಯಾವ ಸುಧಾರಣೆಯೂ ನಡೆಯುವುದಿಲ್ಲ. ಬೆಳಿಗ್ಗೆ ಅಲಾರಂ ಕೂಡ ಹೊಡೆಯುವುದಿಲ್ಲ, ನಿಜ. ಅದಕ್ಕೆ ಹಾಲಿನ ಹುಡುಗನ ಬೆಲ್ ಇದೆ.